ದ್ರಾಕ್ಷಿ ತೋಟದಲ್ಲಿ ಒಂದು ರಾತ್ರಿ: ಬುಕಿಂಗ್‌ನಿಂದ ಬಾಟಲಿ ಮನೆ ಸೇರುವವರೆಗೆ, ಹಂತ ಹಂತವಾಗಿ

ದ್ರಾಕ್ಷಿ ತೋಟದಲ್ಲಿ ಒಂದು ರಾತ್ರಿ ತಂಗಿ ಬಂದವರಲ್ಲಿ ಬಹಳ ಜನ ಒಂದೇ ಮಾತು ಹೇಳುತ್ತಾರೆ. ಜಾಗ ಚೆನ್ನಾಗಿತ್ತು, ಆದರೆ ಮೂರನೇ ಗ್ಲಾಸ್ ಆದಮೇಲೆ ವೈನ್ ಎಲ್ಲಾ ಒಂದೇ ಥರ ಅನ್ನಿಸಿತು. ಬೆಳಗ್ಗೆ ತಲೆನೋವು. ಡಿಕ್ಕಿಯಲ್ಲಿ ನಾಲ್ಕು ಬಾಟಲಿ, ಅವನ್ನೇ ಯಾಕೆ ಆರಿಸಿದೆವು ಅನ್ನುವುದು ನೆನಪಿಲ್ಲ.

ಹೀಗಾಗುವುದಕ್ಕೆ ಮುಖ್ಯ ಕಾರಣ ಕ್ರಮ ತಪ್ಪುವುದು. ತಡವಾಗಿ ತಲುಪುತ್ತಾರೆ, ಹೊಟ್ಟೆ ತುಂಬ ಊಟ ಮಾಡಿ ಟೇಸ್ಟಿಂಗ್‌ಗೆ, ಅಂದರೆ ಬೇರೆ ಬೇರೆ ವೈನನ್ನು ಸ್ವಲ್ಪ ಸ್ವಲ್ಪ ಸವಿದು ನೋಡಲು, ಕೂರುತ್ತಾರೆ, ಕೊಟ್ಟದ್ದನ್ನೆಲ್ಲ ನುಂಗುತ್ತಾರೆ, ಆ ಅಮಲಿನಲ್ಲೇ ಖರೀದಿಯನ್ನೂ ಮುಗಿಸುತ್ತಾರೆ. ಬೆಳಕಿರುವಾಗ ತೋಟ ನೋಡಿ, ಆಮೇಲೆ ವೈನ್ ಮಾಡಿ ಇಡುವ ತಂಪು ಕೋಣೆಗೆ, ಅಂದರೆ ಸೆಲ್ಲರ್‌ಗೆ ಹೋಗಿ. ಟೇಸ್ಟಿಂಗ್ ಊಟಕ್ಕೆ ಮುಂಚೆ ಮುಗಿಯಬೇಕು. ಊಟ, ನಿದ್ದೆ ಆದ ಮೇಲೆ, ಮರುದಿನ ಬೆಳಗ್ಗೆ ಖರೀದಿ. ರಾತ್ರಿ ಉಳಿಯುವುದರಿಂದ ಸಿಗುವ ದೊಡ್ಡ ಲಾಭ ಅಂದರೆ ಈ ಕ್ರಮಕ್ಕೆ ಬೇಕಾದ ಬಿಡುವು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಪಾಲಿಸಿ.

## ಹಂತ 1: ತಿಂಗಳು ಆರಿಸಿ

ಹೋದರೆ ಕೊಯ್ಲಿನ ಕಾಲಕ್ಕೇ ಹೋಗಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಉತ್ತರ ಗೋಳಾರ್ಧದಲ್ಲಿ ಕೊಯ್ಲು ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್, ದಕ್ಷಿಣ ಗೋಳಾರ್ಧದಲ್ಲಿ ಫೆಬ್ರವರಿಯಿಂದ ಏಪ್ರಿಲ್. ಉಷ್ಣವಲಯದ ತೋಟಗಳ ಲೆಕ್ಕವೇ ಬೇರೆ, ಅಲ್ಲಿ ಕೇಳಿಯೇ ತಿಳಿಯಬೇಕು. ಆ ವಾರಗಳಲ್ಲಿ ಗೊಂಚಲು ತೂಗುತ್ತಿರುತ್ತವೆ, ಸೆಲ್ಲರ್ ತುಂಬ ಹುದುಗುವ ರಸದ ವಾಸನೆ ಇರುತ್ತದೆ. ನೋಡೋಕೆ ಚಂದ, ನಿಜ. ಆದರೆ ಸಣ್ಣ ತೋಟಗಳಲ್ಲಿ ಬಳ್ಳಿ ನೋಡಿಕೊಳ್ಳುವವರು, ವೈನ್ ಮಾಡುವವರು, ಅತಿಥಿಗೆ ಗ್ಲಾಸ್ ತುಂಬುವವರು ಎಲ್ಲ ಒಬ್ಬರೇ ಆಗಿರುತ್ತಾರೆ. ಕೊಯ್ಲಿನ ಹೊತ್ತಿಗೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಕೆಲವರು ಆಗ ಅತಿಥಿಗಳನ್ನೇ ತೆಗೆದುಕೊಳ್ಳುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು: ಕೊಯ್ಲಿಗೆ ನಾಲ್ಕಾರು ವಾರ ಮುಂಚೆ ಹೋಗಿ. ಆಗ ಕೆಂಪು ತಳಿಗಳ ಕಾಯಿ ಬಣ್ಣ ತಿರುಗುತ್ತಿರುತ್ತದೆ. ಒಂದೇ ಗೊಂಚಲಿನಲ್ಲಿ ಅರ್ಧ ಹಸಿರು, ಅರ್ಧ ನೇರಳೆ. ಜನರಿಗೂ ಮಾತಾಡಲು ಸಮಯ ಇರುತ್ತದೆ. ಚಳಿಗಾಲ ಇರುವ ಪ್ರದೇಶಗಳಲ್ಲಿ ಆ ತಿಂಗಳುಗಳಲ್ಲಿ ಬಳ್ಳಿ ಬರೀ ಕಡ್ಡಿಯಾಗಿರುತ್ತದೆ. ಫೋಟೋ ಚೆನ್ನಾಗಿ ಬರಲಿಕ್ಕಿಲ್ಲ, ಆದರೆ ವೈನ್ ಇಡುವ ಮರದ ಬ್ಯಾರೆಲ್ ಪಕ್ಕ ನಿಂತು ನಿಧಾನವಾಗಿ ವಿವರಿಸುವವರು ಸಿಗುತ್ತಾರೆ.

ವಾರದ ನಡುವಿನ ದಿನಕ್ಕೆ ಬುಕ್ ಮಾಡಿ. ಶನಿವಾರ ಸಂಜೆ ಇಪ್ಪತ್ತು ಜನರ ಗುಂಪಿನಲ್ಲಿ ನಿಂತು ಟೇಸ್ಟಿಂಗ್ ಮಾಡುವುದು ಕಷ್ಟ. ಬೇರೆಯವರ ಸೆಂಟಿನ ವಾಸನೆಯೇ ಗ್ಲಾಸಿನ ವಾಸನೆಯನ್ನು ಮುಚ್ಚಿಬಿಡುತ್ತದೆ.

## ಹಂತ 2: ಹಣ ಕಟ್ಟುವ ಮುಂಚೆ ಇಷ್ಟನ್ನು ಕೇಳಿ

ಹೆಚ್ಚಿನ ಸಮಸ್ಯೆ ಶುರುವಾಗುವುದು ಇಲ್ಲೇ. ರೂಮ್ ಬುಕ್ ಆದರೆ ಟೇಸ್ಟಿಂಗೂ ಆಯ್ತು ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಅವೆರಡೂ ಬೇರೆ ಬೇರೆ ಬುಕಿಂಗ್. ಕೆಲವು ಪ್ರದೇಶಗಳಲ್ಲಿ ಟೇಸ್ಟಿಂಗ್‌ಗೆ ಮೊದಲೇ ಸಮಯ ಪಡೆಯಬೇಕು ಅನ್ನುವ ಕಾನೂನೇ ಇದೆ. ಕ್ಯಾಲಿಫೋರ್ನಿಯಾದ ನಾಪಾ ಕೌಂಟಿಯಲ್ಲಿ 1990ರಿಂದೀಚೆಗೆ ಅನುಮತಿ ಪಡೆದ ವೈನರಿಗಳಿಗೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು. ಸುಮ್ನೆ ಬಾಗಿಲು ತಟ್ಟಿದರೆ ಆಗುವುದಿಲ್ಲ.

ಫೋನಿನಲ್ಲೋ ಮೇಲ್‌ನಲ್ಲೋ ಮೊದಲು ಕೇಳಬೇಕಾದದ್ದು: ಟೇಸ್ಟಿಂಗ್ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ವೈನ್, ಒಂದೊಂದು ಎಷ್ಟು ಮಿಲಿ? ಒಂದು ಸುರಿತಕ್ಕೆ 30ರಿಂದ 50 ಮಿಲಿ, ಒಟ್ಟು ಐದಾರು ವೈನ್ ಅಂದರೆ ಸರಿಯಾದ ಅಳತೆ. ಹತ್ತು ಹನ್ನೆರಡು ಅಂದರೆ ಕಲಿಯುವವರಿಗೆ ಜಾಸ್ತಿಯಾಯಿತು. ಐದನ್ನು ಆರಿಸಿಕೊಡಿ ಅಂತ ನೀವೇ ಹೇಳಿ.

ಎರಡನೆಯದು, ವೈನ್ ಅಲ್ಲೇ ತಯಾರಾಗುತ್ತದಾ? ಬಳ್ಳಿ ಇರುವ ಜಾಗದಲ್ಲೆಲ್ಲ ಸೆಲ್ಲರ್ ಇರುವುದಿಲ್ಲ. ದ್ರಾಕ್ಷಿಯನ್ನು ಬೇರೆ ಕಡೆ ಕಳಿಸಿ ವೈನ್ ಮಾಡಿಸುವ ತೋಟಗಳೂ ಇವೆ. ಅದು ತಪ್ಪೇನಲ್ಲ, ಆದರೆ ಬ್ಯಾರೆಲ್ ನೋಡುವ ಆಸೆಯಿಂದ ಹೋದವರಿಗೆ ನಿರಾಸೆ ಆಗುತ್ತದೆ.

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಅದು ಗಸಿಯ ಜೊತೆ ತಳಕ್ಕಿಳಿಯುತ್ತದೆ, ವೈನನ್ನು ಮೇಲಿಂದ ತೆಗೆದುಕೊಳ್ಳುತ್ತಾರೆ. ಆದರೂ ಬಳಸಿದ್ದು ನಿಮಗೆ ಮುಖ್ಯ ಅನ್ನಿಸಬಹುದು. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸಿಯೂ ಈ ಕೆಲಸ ಮಾಡುತ್ತಾರೆ, ಏನನ್ನೂ ಬಳಸದವರೂ ಇದ್ದಾರೆ. ಲೇಬಲ್ ನೋಡಿದರೆ ಇದು ಯಾವಾಗಲೂ ಗೊತ್ತಾಗುವುದಿಲ್ಲ. ಮಾಡಿದವರನ್ನೇ ಕೇಳಬೇಕು.

ಮೂರನೆಯದು ರಾತ್ರಿ ಊಟ. ತೋಟದಲ್ಲೇ ಸಿಗುತ್ತದಾ, ಎಷ್ಟು ಹೊತ್ತಿಗೆ, ಮೊದಲೇ ಹೇಳಬೇಕಾ? ಇದನ್ನು ಬಿಟ್ಟವರು ಟೇಸ್ಟಿಂಗ್ ಮುಗಿಸಿ ಊಟ ಹುಡುಕಿಕೊಂಡು ಕಾರು ತೆಗೆಯುತ್ತಾರೆ. ಇಡೀ ಪ್ರವಾಸದಲ್ಲಿ ಅತಿ ಅಪಾಯದ ಘಳಿಗೆ ಅದೇ. ತೋಟದಲ್ಲಿ ಊಟ ಇಲ್ಲ ಅಂದರೆ ಕಟ್ಟಿಸಿಕೊಂಡು ಹೋಗಿ, ಇಲ್ಲವೇ ಬೇರೆ ತೋಟ ನೋಡಿ.

ಎಚ್ಚರಿಕೆಯ ಗುರುತು: ಜಾಹೀರಾತಿನಲ್ಲಿ ಈಜುಕೊಳದ ಫೋಟೋ ಹತ್ತು, ವೈನ್ ಹೆಸರು ಒಂದೂ ಇಲ್ಲ. ಯಾವ ವೈನ್ ಕೊಡುತ್ತೀರಿ ಅಂದರೆ "ರೆಡ್ಡೂ ಇದೆ, ವೈಟೂ ಇದೆ" ಅನ್ನುವ ಉತ್ತರ. "ಎಷ್ಟು ಬೇಕಾದರೂ ಕುಡಿಯಿರಿ" ಅನ್ನುವ ಆಫರ್. ಇವು ಪಾರ್ಟಿಗೆ ಸರಿ ಇರಬಹುದು, ರುಚಿ ಕಲಿಯಲು ಅಲ್ಲ. ತಳಿ, ವರ್ಷ ಎರಡನ್ನೂ ಹೇಳಿ ಪಟ್ಟಿ ಕಳಿಸುವ ಜಾಗವನ್ನು ನಂಬಬಹುದು.

ಗರ್ಭಿಣಿಯರು ವೈನ್ ಕುಡಿಯಲೇಬಾರದು. ನಿದ್ದೆ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಆಸ್ತಮಾ ಇರುವವರಲ್ಲಿ ಕೆಲವರಿಗೆ ವೈನ್ ಕೆಡದಂತೆ ಹಾಕುವ ಸಲ್ಫೈಟ್ ಒಗ್ಗುವುದಿಲ್ಲ. ಮಕ್ಕಳನ್ನು ಕರೆದೊಯ್ಯುವುದಾದರೆ ವಯಸ್ಸಿನ ನಿಯಮ ಮೊದಲೇ ತಿಳಿದುಕೊಳ್ಳಿ.

## ಹಂತ 3: ಬ್ಯಾಗಿನಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಚಿಕ್ಕ ನೋಟ್‌ಬುಕ್, ಪೆನ್ನು, ಒಂದೆರಡು ಬಿಳಿ ಹಾಳೆ, ನೀರಿನ ಬಾಟಲಿ, ಟಾರ್ಚ್, ಅಟ್ಟೆ ಗಟ್ಟಿ ಇರುವ ಮುಚ್ಚಿದ ಶೂ. ಸೆಲ್ಲರ್ ಒಳಗೆ ತಣ್ಣಗಿರುತ್ತದೆ, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಟೇಸ್ಟಿಂಗ್‌ಗೆ ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಕೆಂಪು ವೈನಿನ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಸೆಂಟು, ವಾಸನೆಯ ಲೋಷನ್ ಮನೆಯಲ್ಲೇ ಇರಲಿ. ಇದು ನಿಮಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರಿಗೂ ಮಾಡುವ ಉಪಕಾರ.

## ಹಂತ 4: ಮಧ್ಯಾಹ್ನಕ್ಕೇ ತಲುಪಿ

ಸೂರ್ಯ ಮುಳುಗಲು ಕನಿಷ್ಠ ನಾಲ್ಕು ಗಂಟೆ ಇರುವಾಗ ತೋಟದಲ್ಲಿರಬೇಕು. ಹಳ್ಳಿ ದಾರಿಯಲ್ಲಿ ಫಲಕ ಕಡಿಮೆ, ಫೋನಿಗೆ ಸಿಗ್ನಲ್ ಇರುತ್ತದೆ ಅನ್ನುವ ಭರವಸೆ ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಮಧ್ಯಾಹ್ನದ ಊಟ ಹಗುರ ಇರಲಿ, ಆದರೆ ಊಟ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಖಾರ, ಹಸಿ ಬೆಳ್ಳುಳ್ಳಿ ಜಾಸ್ತಿ ಆದರೆ ನಾಲಿಗೆ ಗಂಟೆಗಟ್ಟಲೆ ಅದನ್ನೇ ಹೇಳುತ್ತಿರುತ್ತದೆ. ಟೇಸ್ಟಿಂಗ್‌ಗೆ ಒಂದು ಗಂಟೆ ಇರುವಾಗಿನಿಂದ ಕಾಫಿ, ಸಿಗರೇಟ್, ಪುದೀನ ಚೂಯಿಂಗ್ ಗಮ್ ಯಾವುದೂ ಬೇಡ. ಹಲ್ಲುಜ್ಜುವುದೂ ಅದಕ್ಕೆ ಮುಂಚೆಯೇ ಆಗಿರಲಿ. ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಸಿಹಿಯನ್ನು ಮಂಕಾಗಿಸಿ ಹುಳಿ ಪದಾರ್ಥವನ್ನು ಕಹಿ ಮಾಡಿಬಿಡುತ್ತದೆ. ಉಜ್ಜಿದ ಕೂಡಲೇ ಸವಿದರೆ ಒಳ್ಳೆಯ ಬಿಳಿ ವೈನ್ ಕೂಡ ಕೆಟ್ಟದಾಗಿ ಕಾಣುತ್ತದೆ.

## ಹಂತ 5: ಬೆಳಕಿರುವಾಗ ಬಳ್ಳಿಗಳ ನಡುವೆ ನಡೆಯಿರಿ

ಇದನ್ನು ಟೇಸ್ಟಿಂಗ್‌ಗೆ ಮುಂಚೆಯೇ ಮಾಡಿ. ಆಮೇಲೆ ಗ್ಲಾಸಿನಲ್ಲಿ ಸಿಗುವ ಹುಳಿ, ಒಗರು ಎಲ್ಲಿಂದ ಬಂತು ಅನ್ನುವುದು ಇಲ್ಲೇ ಅರ್ಥವಾಗುತ್ತದೆ.

ಒಳಗೆ ಕಾಲಿಡುವ ಮುಂಚೆ ಎರಡು ವಿಷಯ ಕೇಳಿ. ಒಂದು, ಇತ್ತೀಚೆಗೆ ಔಷಧಿ ಹೊಡೆದಿದ್ದಾರಾ? ಗಂಧಕ, ತಾಮ್ರದ ಸಿಂಪಡಣೆ ದ್ರಾಕ್ಷಿ ತೋಟಗಳಲ್ಲಿ ಮಾಮೂಲು. ಸಿಂಪಡಿಸಿದ ಮೇಲೆ ಇಷ್ಟು ಹೊತ್ತು ಒಳಗೆ ಹೋಗಬಾರದು ಅನ್ನುವ ನಿಯಮ ಇರುತ್ತದೆ. ಎಲೆ ಮೇಲೆ ಬಿಳಿ ಅಥವಾ ನೀಲಿ ಪುಡಿಯ ಕಲೆ ಕಂಡರೆ ಮುಟ್ಟಬೇಡಿ. ಎರಡು, ಶೂ ತೊಳೆಯಬೇಕಾ? ಬೇರು ತಿನ್ನುವ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಶೂಗೆ ಅಂಟಿದ ಮಣ್ಣಿನ ಜೊತೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಂಥ ಕಡೆ ಇದಕ್ಕೆ ಗುರುತು ಮಾಡಿದ ವಲಯಗಳೇ ಇವೆ. ಹಿಂದಿನ ದಿನ ಬೇರೆ ತೋಟದಲ್ಲಿ ಓಡಾಡಿದ್ದರೆ ಅದನ್ನು ಹೇಳಿಬಿಡಿ. ಮುಚ್ಚಿಡಬೇಡಿ, ಅದು ಅವರ ಬದುಕು.

ಕಾಯಿ ಕೀಳುವ ಮುಂಚೆ ಅನುಮತಿ ಬೇಕು. ಕೊಯ್ಲು ಹತ್ತಿರ ಇದ್ದು, ಅವರು ಒಪ್ಪಿದರೆ, ಒಂದು ಹಣ್ಣನ್ನು ಬಾಯಿಗೆ ಹಾಕಿ ಸಾವಕಾಶವಾಗಿ ಬಿಡಿಸಿ. ಮೊದಲು ತಿರುಳು ಮಾತ್ರ ಹಿಂಡಿ ನುಂಗಿ: ಸಿಹಿ, ಹುಳಿ. ಉಳಿದ ಸಿಪ್ಪೆಯನ್ನು ಮುಂಬಲ್ಲಿನಿಂದ ಅಗಿಯಿರಿ. ಒಸಡು ಒಣಗಿ, ನಾಲಿಗೆ ದೊರಗಾಗುತ್ತದೆ. ಹಾಗೆ ಮಾಡುವ ಒಗರು ಪದಾರ್ಥವೇ ಟ್ಯಾನಿನ್. ಆಮೇಲೆ ಬೀಜವನ್ನು ಅಂಗೈ ಮೇಲೆ ಉಗುಳಿ ನೋಡಿ. ಹಸಿರಾಗಿದ್ದರೆ ಇನ್ನೂ ಬಲಿತಿಲ್ಲ, ಕಚ್ಚಿದರೆ ಕಹಿ. ಕಂದು ತಿರುಗಿ ಕಟುಂ ಅಂದರೆ ಕೊಯ್ಲಿಗೆ ಹತ್ತಿರ ಬಂದಿದೆ. ವೈನ್ ಮಾಡುವವರು ಕೊಯ್ಲಿನ ದಿನ ನಿರ್ಧರಿಸುವಾಗ ಮಾಪನ ನೋಡುವುದರ ಜೊತೆಗೆ ಹೀಗೆ ಅಗಿದೂ ನೋಡುತ್ತಾರೆ.

ತಿನ್ನುವ ದ್ರಾಕ್ಷಿಗೆ ಹೋಲಿಸಿದರೆ ವೈನ್ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. 750 ಮಿಲಿಯ ಒಂದು ಬಾಟಲಿಗೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಹಣ್ಣು ಬೇಕಾಗುತ್ತದೆ.

## ಹಂತ 6: ಸೆಲ್ಲರ್ ಒಳಗೆ, ಒಬ್ಬರೇ ಹೋಗಬೇಡಿ

ಕೊಯ್ಲಿನ ಕಾಲದಲ್ಲಿ ಹೋದವರು ಈ ಭಾಗವನ್ನು ಎರಡು ಸಲ ಓದಿ. ರಸ ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದು ಲೀಟರ್ ರಸದಿಂದ 40 ಲೀಟರ್‌ಗಿಂತ ಜಾಸ್ತಿ. ಅದು ಗಾಳಿಗಿಂತ ಭಾರ, ಹಾಗಾಗಿ ನೆಲಮಟ್ಟದಲ್ಲಿ, ತೊಟ್ಟಿಯ ಬಾಯಲ್ಲಿ, ಕೆಳಮನೆಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕೆಲಸಗಾರರೇ ಇದರಿಂದ ಪ್ರಾಣ ಕಳೆದುಕೊಂಡಿದ್ದಾರೆ. ಟ್ಯಾಂಕಿನೊಳಗೆ ತಲೆ ಬಗ್ಗಿಸಿ ಫೋಟೋ ತೆಗೆಯಬೇಡಿ. ಮೂಗು ಚುರ್ ಅಂದರೆ, ತಲೆ ಸುತ್ತಿದರೆ, ಉಸಿರು ಬಿಗಿದಂತಾದರೆ ಆ ಕ್ಷಣವೇ ಹೊರಗೆ ಬನ್ನಿ. ಮಕ್ಕಳ ಮೂಗು ನೆಲಕ್ಕೆ ಹತ್ತಿರ ಇರುತ್ತದೆ, ಅವರನ್ನು ಕೈ ಬಿಡಬೇಡಿ.

ಉಳಿದ ಕಾಲದಲ್ಲಿ ಸೆಲ್ಲರ್ ಶಾಂತ ಜಾಗ. ಎರಡು ಪ್ರಶ್ನೆ ಕೇಳಿದರೆ ಸಾಕು: ಯಾವ ವೈನ್ ಸ್ಟೀಲ್ ಟ್ಯಾಂಕಿನದು, ಯಾವುದು ಮರದ ಬ್ಯಾರೆಲಿನದು? ಬ್ಯಾರೆಲ್ ಹೊಸದಾ, ಹಳೆಯದಾ? ಸಾಮಾನ್ಯ ಬ್ಯಾರೆಲಿಗೆ 225 ಲೀಟರ್, ಅಂದರೆ 300 ಬಾಟಲಿ ವೈನ್ ಹಿಡಿಸುತ್ತದೆ. ಹೊಸ ಓಕ್ ಮರ ವೆನಿಲಾ, ಲವಂಗ, ಸುಟ್ಟ ಮರದ ವಾಸನೆ ಕೊಡುತ್ತದೆ. ಮೂರ್ನಾಲ್ಕು ವರ್ಷ ಬಳಸಿದ ಬ್ಯಾರೆಲ್‌ನಿಂದ ಅದು ಬಹುಪಾಲು ಹೋಗಿರುತ್ತದೆ. ಉತ್ತರವನ್ನು ಬರೆದುಕೊಳ್ಳಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

## ಹಂತ 7: ಟೇಸ್ಟಿಂಗ್

ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅವಸರ ಮಾಡಿದರೆ ಇಷ್ಟು ದೂರ ಬಂದದ್ದು ದಂಡ.

ಸಾಲು ನೋಡಿ. ಹಗುರದಿಂದ ಗಟ್ಟಿಗೆ ಹೋಗಬೇಕು. ಮೊದಲು ಗುಳ್ಳೆ ಏಳುವ ಸ್ಪಾರ್ಕ್ಲಿಂಗ್, ಆಮೇಲೆ ಸೊವಿನ್ಯೋನ್ ಬ್ಲಾಂಕ್ ಥರದ ಹುಳಿ ಜಾಸ್ತಿ ಇರುವ ಬಿಳಿ, ಆಮೇಲೆ ಬ್ಯಾರೆಲಿನಲ್ಲಿಟ್ಟ ಶಾರ್ಡನೇ ಥರದ ಬಿಳಿ, ನಸುಗೆಂಪು ಬಣ್ಣದ ರೋಸೆ, ಪಿನೋ ನ್ವಾರ್ ಥರದ ಹಗುರ ಕೆಂಪು, ಕೊನೆಗೆ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಥರದ ಗಟ್ಟಿ ಕೆಂಪು. ಸಿಹಿ ವೈನ್ ಎಲ್ಲಕ್ಕಿಂತ ಕೊನೆಗೆ. ಸಿಹಿ ಮೊದಲು ಬಂದರೆ ಆಮೇಲಿನದ್ದೆಲ್ಲ ಹುಳಿ ಹುಳಿ ಅನ್ನಿಸುತ್ತದೆ.

ಗ್ಲಾಸ್ ಮತ್ತು ಉಷ್ಣತೆ. ಗ್ಲಾಸ್ ಬಾಯಿಯ ಕಡೆ ಕಿರಿದಾಗಿರಬೇಕು, ಕಾಲು ಇರಬೇಕು. ಟೇಸ್ಟಿಂಗ್ ಗ್ಲಾಸಿಗೆ 1977ರಲ್ಲೇ ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಂದು ಆಕಾರ ಗೊತ್ತು ಮಾಡಿದೆ. ಅಂಥದ್ದೇ ಆಗಬೇಕಿಲ್ಲ, ಒಳಗೆ ವಾಸನೆ ನಿಲ್ಲುವಂತಿದ್ದರೆ ಸಾಕು. ವೈನ್ ಸುರಿಯುವ ಮುಂಚೆ ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ. ಸೋಪು, ಒದ್ದೆ ಬಟ್ಟೆ, ಅಲಮಾರಿನ ವಾಸನೆ ಬಂದರೆ ಬೇರೆ ಕೇಳಿ. ಹಿಡಿಯುವುದು ಕಾಲಿನಲ್ಲಿ, ಅಂಗೈಯ ಬಿಸಿ ತಾಗದಂತೆ. ಸ್ಪಾರ್ಕ್ಲಿಂಗ್ 6ರಿಂದ 10 ಡಿಗ್ರಿ, ಬಿಳಿ 8ರಿಂದ 12, ಕೆಂಪು 14ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಇಡಬೇಕು ಅನ್ನುವ ಮಾತು ತಂಪು ದೇಶಗಳ ಹಳೆಯ ಕೋಣೆಗಳಿಗೆ ಸರಿ. ಕೋಣೆ 28 ಡಿಗ್ರಿ ಇದ್ದರೆ ಆಲ್ಕೋಹಾಲ್ ಘಾಟೇ ಮುಂದೆ ಬರುತ್ತದೆ. ಆಗ ಹತ್ತು ನಿಮಿಷ ಐಸ್ ನೀರಿನಲ್ಲಿ ಇಡಿ ಅಂತ ಹೇಳಲು ಸಂಕೋಚ ಬೇಡ. ಬಿಳಿ ವೈನ್ ತೀರಾ ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ. ಅದಕ್ಕೆ ಮಾತ್ರ ಅಂಗೈಯಲ್ಲಿ ಗ್ಲಾಸ್ ಹಿಡಿದು ಸ್ವಲ್ಪ ಕಾಯಿರಿ.

ನೋಡಿ. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆ ಮಾಡಿ. ನಡುವಿನ ಬಣ್ಣಕ್ಕಿಂತ ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ, ವಯಸ್ಸಾದಂತೆ ಇಟ್ಟಿಗೆ ಬಣ್ಣ. ಬಿಳಿ ವೈನ್ ಉಲ್ಟಾ, ವಯಸ್ಸಾದಂತೆ ಗಾಢ ಚಿನ್ನದ ಬಣ್ಣಕ್ಕೆ ಬರುತ್ತದೆ. ಗ್ಲಾಸಿನ ಒಳಮೈ ಮೇಲೆ ಇಳಿಯುವ ಧಾರೆ ನೋಡಿ ಗುಣಮಟ್ಟ ಹೇಳುವವರನ್ನು ನಂಬಬೇಡಿ. ಅದು ಮುಖ್ಯವಾಗಿ ಆಲ್ಕೋಹಾಲ್ ಎಷ್ಟಿದೆ ಅನ್ನುವುದನ್ನು ತೋರಿಸುತ್ತದೆ, ಅಷ್ಟೆ.

ಮೂಸಿ, ಎರಡು ಸಲ. ಮೊದಲು ಅಲ್ಲಾಡಿಸದೆ. ಆಮೇಲೆ ಗ್ಲಾಸಿನ ಬುಡವನ್ನು ಮೇಜಿನ ಮೇಲೇ ಇಟ್ಟು ವೃತ್ತಾಕಾರದಲ್ಲಿ ತಿರುಗಿಸಿ, ಮತ್ತೆ ಮೂಸಿ. ಗಾಳಿಯಲ್ಲಿ ಎತ್ತಿ ತಿರುಗಿಸಲು ಹೋದರೆ ಅಂಗಿ ಮೇಲೆ ಚೆಲ್ಲುತ್ತದೆ. ಉದ್ದ ಉಸಿರು ಬೇಡ, ಮೂರು ನಾಲ್ಕು ಚಿಕ್ಕ ಚಿಕ್ಕ ಉಸಿರು ಸಾಕು. ಇದು ಬ್ಲಾಕ್‌ಬೆರ್ರಿನಾ, ಪ್ಲಮ್ಮಾ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಹಣ್ಣಾ, ಹೂವಾ, ಸೊಪ್ಪಾ, ಮಸಾಲೆಯಾ, ಮಣ್ಣಾ? ಹಣ್ಣಾದರೆ ಹಸಿಯಾ, ಮಾಗಿದ್ದಾ, ಒಣಗಿಸಿದ್ದಾ? ನಿಮಗೆ ಗೊತ್ತಿರುವ ಹಣ್ಣಿನ ಹೆಸರೇ ಬರೆಯಿರಿ. ಲೇಬಲ್‌ನ ವರ್ಣನೆಯನ್ನು ಆಮೇಲೆ ಓದಿ. ಮೊದಲೇ ಓದಿದರೆ ಮೂಗು ಅದನ್ನೇ ಹುಡುಕುತ್ತದೆ.

ನಾಲ್ಕನೇ ವೈನ್ ಹೊತ್ತಿಗೆ ಮೂಗು ದಣಿಯುತ್ತದೆ. ಆಗ ನಿಮ್ಮದೇ ಮೊಣಕೈ ಒಳಭಾಗವನ್ನೋ ಅಂಗಿಯ ತೋಳನ್ನೋ ಮೂಸಿ. ಪರಿಚಿತ ವಾಸನೆ ಸಿಕ್ಕಿದ ಮೇಲೆ ಗ್ಲಾಸಿನ ವಾಸನೆ ಮತ್ತೆ ಬೇರೆಯಾಗಿ ಕಾಣುತ್ತದೆ. ಎರಡು ನಿಮಿಷ ಹೊರಗೆ ನಿಂತು ಬಂದರೂ ಆಗುತ್ತದೆ.

ಬಾಯಿಗೆ ತೆಗೆದುಕೊಳ್ಳಿ. ಒಂದು ಚಮಚದಷ್ಟು ಸಾಕು. ಬಾಯಿ ತುಂಬ ಹರಡುವಂತೆ ನಿಧಾನವಾಗಿ ಮುಕ್ಕಳಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಸೊರ್ ಅಂತ ಸದ್ದು ಬರುತ್ತದೆ, ಬರಲಿ. ಇಲ್ಲಿ ಐದು ವಿಷಯ ಗಮನಿಸಿ. ಸಿಹಿ ನಾಲಿಗೆಗೆ ಮೊದಲೇ ಗೊತ್ತಾಗುತ್ತದೆ. ಹುಳಿ ಎಷ್ಟು ಅನ್ನುವುದಕ್ಕೆ, ಉಗುಳಿದ ಮೇಲೆ ತಲೆ ಸ್ವಲ್ಪ ಬಗ್ಗಿಸಿ ಬಾಯಿ ಅರೆ ತೆರೆದು ಕಾಯಿರಿ, ಜೊಲ್ಲು ಎಷ್ಟು ಬೇಗ ಉಕ್ಕುತ್ತದೆ ನೋಡಿ. ಟ್ಯಾನಿನ್ ಜಾಸ್ತಿ ಇದ್ದರೆ ಕಾಯಿ ಬಾಳೆಹಣ್ಣು ಕಚ್ಚಿದಾಗಿನ ಹಾಗೆ ಒಸಡು ಹಿಡಿದುಕೊಳ್ಳುತ್ತದೆ. ಆಲ್ಕೋಹಾಲ್ ಗಂಟಲಲ್ಲಿ ಬಿಸಿಯಾಗಿ ಗೊತ್ತಾಗುತ್ತದೆ. ಕೊನೆಯದು ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಮನಸ್ಸಿನಲ್ಲೇ ಎಣಿಸಿ. ಮೂರು ಎಣಿಸುವಷ್ಟರಲ್ಲಿ ಮಾಯವಾದರೆ ಸಾಧಾರಣ. ಹತ್ತು ದಾಟಿಯೂ ಒಳ್ಳೆಯ ರುಚಿಯಾಗಿಯೇ ಉಳಿದರೆ ಆ ವೈನಿನ ಪಕ್ಕ ಒಂದು ಗುರುತು ಹಾಕಿ.

ಒಂದು ಪ್ರಯೋಗ ಮಾಡಿ ನೋಡಿ. ಮೂಗು ಮುಚ್ಚಿಕೊಂಡು ಒಂದು ಗುಟುಕು ತೆಗೆದುಕೊಳ್ಳಿ. ಹುಳಿ, ಸಿಹಿ, ಕಹಿ, ಒಗರು ಬಿಟ್ಟರೆ ಏನೂ ಸಿಗುವುದಿಲ್ಲ. ಮೂಗು ಬಿಟ್ಟ ಕೂಡಲೇ ಹಣ್ಣು, ಮಸಾಲೆ ಎಲ್ಲ ಒಟ್ಟಿಗೆ ಬರುತ್ತವೆ. ನೆಗಡಿ ಇದ್ದಾಗ ಟೇಸ್ಟಿಂಗ್ ಮುಂದೂಡಬೇಕು ಅನ್ನುವುದು ಇದಕ್ಕೇ.

ಉಗುಳಿ. ಬಹಳ ಜನ ಸೋಲುವುದು ಇಲ್ಲಿ. ಉಗುಳಿದರೆ ಆತಿಥ್ಯ ಕೊಟ್ಟವರಿಗೆ ಅವಮಾನ ಅಂದುಕೊಳ್ಳುತ್ತಾರೆ. ವೈನ್ ಮಾಡುವವರು ತಮ್ಮ ವೈನನ್ನೇ ದಿನಾ ಉಗುಳುತ್ತಾರೆ, ಅದೇ ಅವರ ಕೆಲಸದ ರೀತಿ. ಮೇಜಿನ ಮೇಲೆ ಉಗುಳುವ ಪಾತ್ರೆ ಇಲ್ಲದಿದ್ದರೆ ಕೇಳಿ, ಕೊಡುತ್ತಾರೆ. ಅಭ್ಯಾಸ ಇಲ್ಲದವರು ಮನೆಯ ಸಿಂಕಿನಲ್ಲಿ ನೀರು ಇಟ್ಟುಕೊಂಡು ಮೊದಲೇ ಕಲಿಯಬಹುದು. ತುಟಿ ಬಿಗಿ ಮಾಡಿ, ಕೆನ್ನೆಯಿಂದ ಒತ್ತಿ, ಸಣ್ಣ ಧಾರೆಯಾಗಿ ಬಿಡಬೇಕು. ಬಾಯಿಂದ ಹಾಗೇ ಬಿಟ್ಟರೆ ಗಲ್ಲದ ಮೇಲೆ ಇಳಿಯುತ್ತದೆ. ಗ್ಲಾಸಿನಲ್ಲಿ ಉಳಿದದ್ದನ್ನೂ ಅದೇ ಪಾತ್ರೆಗೆ ಸುರಿಯಿರಿ.

ಲೆಕ್ಕ ನೋಡಿ. 13.5 ಶೇಕಡಾ ಆಲ್ಕೋಹಾಲ್ ಇರುವ ವೈನ್ 50 ಮಿಲಿಯಂತೆ ಆರು ಸಲ ನುಂಗಿದರೆ 300 ಮಿಲಿ, ಅಂದರೆ ಸುಮಾರು 32 ಗ್ರಾಂ ಶುದ್ಧ ಆಲ್ಕೋಹಾಲ್. ಊಟಕ್ಕೆ ಮುಂಚೆಯೇ ಅಷ್ಟು ಒಳಗೆ ಹೋದರೆ ಐದನೇ ಆರನೇ ವೈನಿನ ಬಗ್ಗೆ ನಾಲಿಗೆ ಹೇಳುವ ಮಾತಿಗೆ ಬೆಲೆ ಇಲ್ಲ. ಉಗುಳಿದರೂ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ, ಅದನ್ನು ಮರೆಯಬೇಡಿ.

ಬರೆಯಿರಿ, ಆ ಕ್ಷಣವೇ. ಹೆಸರು, ತಳಿ, ವರ್ಷ, ಬ್ಯಾರೆಲ್ಲಾ ಟ್ಯಾಂಕಾ, ನಿಮ್ಮದೇ ಮಾತಿನಲ್ಲಿ ಎರಡು ಸಾಲು, ಕೊನೆಗೆ "ಮತ್ತೆ ಕುಡಿಯುತ್ತೇನೆ" ಅಥವಾ "ಬೇಡ". ಮುಂದಿನ ಗ್ಲಾಸ್ ಬಂದ ಮೇಲೆ ಹಿಂದಿನದನ್ನು ಬರೆಯಲು ಆಗುವುದಿಲ್ಲ. ಎರಡರ ನಡುವೆ ನೀರು, ಸಾದಾ ಬ್ರೆಡ್ ಚೂರು. ಚೀಸ್ ಕೊಟ್ಟರೆ ಕೊನೆಗಿಡಿ. ಅದರ ಕೊಬ್ಬು ಟ್ಯಾನಿನ್ ಅನ್ನು ಮೆತ್ತಗೆ ಮಾಡುತ್ತದೆ, ಒರಟು ವೈನೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

## ಹಂತ 8: ಇಷ್ಟವಾಗಲಿಲ್ಲವಾ, ಕೆಟ್ಟಿದೆಯಾ?

ಎರಡೂ ಬೇರೆ. ವಾಸನೆ ಸರಿ ಇಲ್ಲ ಅನ್ನಿಸಿದಾಗ ತಮಗೇ ಗೊತ್ತಾಗುತ್ತಿಲ್ಲವೇನೋ ಅಂತ ಸುಮ್ಮನಾಗುವವರೇ ಜಾಸ್ತಿ.

ಒದ್ದೆ ರಟ್ಟು, ಮುಗ್ಗಲು ಹಿಡಿದ ಕೋಣೆಯ ವಾಸನೆ ಬಂದು ಹಣ್ಣಿನ ವಾಸನೆ ಸತ್ತಂತಿದ್ದರೆ ಅದು ಕಾರ್ಕ್ ದೋಷ. ಟಿಸಿಎ ಎಂಬ ರಾಸಾಯನಿಕ ಇದಕ್ಕೆ ಕಾರಣ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ, ಹೊತ್ತು ಕಳೆದಂತೆ ಇನ್ನೂ ಜೋರಾಗುತ್ತದೆ. ವಿನೆಗರ್ ಅಥವಾ ಉಗುರು ಬಣ್ಣ ತೆಗೆಯುವ ದ್ರವದ ವಾಸನೆ ಜೋರಾಗಿದ್ದರೆ ಬ್ಯಾಕ್ಟೀರಿಯಾ ಕೆಲಸ. ಎಳೆಯ ಬಿಳಿ ವೈನ್ ಕಂದು ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಾಗಿ ಕೆಟ್ಟಿದೆ. ಬಾಟಲಿ ನಿನ್ನೆ ಮೊನ್ನೆ ತೆರೆದದ್ದಾ ಅಂತ ಕೇಳಿ. ಕೊಳೆತ ಮೊಟ್ಟೆ, ಬೆಂಕಿಕಡ್ಡಿ ವಾಸನೆ ಬಂದರೆ ಅವಸರ ಬೇಡ. ಗ್ಲಾಸ್ ಚೆನ್ನಾಗಿ ತಿರುಗಿಸಿ ಹತ್ತು ನಿಮಿಷ ಬಿಡಿ, ಎಷ್ಟೋ ಸಲ ಹೋಗುತ್ತದೆ.

ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಹೆದರಬೇಡಿ. ಅದು ಟಾರ್ಟರಿಕ್ ಆಮ್ಲದ ಲವಣ, ತಂಪಿಗೆ ಹರಳುಗಟ್ಟಿದೆ ಅಷ್ಟೆ.

ಹೇಳುವ ರೀತಿ: "ಇದು ಇನ್ನೊಂದು ಬಾಟಲಿಯಿಂದ ಸ್ವಲ್ಪ ಕೊಡಬಹುದಾ?" ಒಳ್ಳೆಯ ಜಾಗದಲ್ಲಿ ಅವರೇ ಮೂಸಿ ನೋಡಿ ಬಾಟಲಿ ಬದಲಿಸುತ್ತಾರೆ. ಮುಖ ಸಿಂಡರಿಸಿದರೆ ಅದೂ ಒಂದು ಗುರುತೇ.

## ಹಂತ 9: ಊಟ, ರಾತ್ರಿ

ಟೇಸ್ಟಿಂಗ್ ಮತ್ತು ಊಟದ ನಡುವೆ ಒಂದು ಗಂಟೆ ಬಿಡುವು ಇರಲಿ. ಅರ್ಧ ಲೀಟರ್ ನೀರು ಕುಡಿಯಿರಿ. ಊಟದ ಜೊತೆ ಮತ್ತೆ ಐದಾರು ಬಗೆ ಬೇಡ. ಗುರುತು ಹಾಕಿದ್ದರಲ್ಲಿ ಒಂದನ್ನು ಆರಿಸಿ, ಒಂದೇ ಗ್ಲಾಸ್, ಊಟ ಮುಗಿಯುವವರೆಗೆ. ಟೇಸ್ಟಿಂಗ್‌ನಲ್ಲಿ ಒರಟು ಅನ್ನಿಸಿದ್ದು ಊಟದ ಜೊತೆ ಹೊಂದಿಕೊಳ್ಳಬಹುದು, ಚೆನ್ನಾಗಿದೆ ಅನ್ನಿಸಿದ್ದು ಸಪ್ಪೆಯಾಗಬಹುದು. ಅದನ್ನೂ ಬರೆದಿಡಿ. ಖಾರದ ಅಡುಗೆ ಇದ್ದರೆ ಟ್ಯಾನಿನ್, ಆಲ್ಕೋಹಾಲ್ ಎರಡೂ ಜಾಸ್ತಿ ಇರುವ ಕೆಂಪು ವೈನ್ ಬಾಯಿ ಉರಿಸುತ್ತದೆ. ಸ್ವಲ್ಪ ಸಿಹಿ ಇರುವ ತಣ್ಣನೆ ಬಿಳಿ ವೈನ್ ಒಳ್ಳೆಯದು.

ಊಟ ಆದಮೇಲೆ ತೋಟದೊಳಗೆ ಅಡ್ಡಾಡುವ ಆಸೆ ಆಗುತ್ತದೆ. ಬಳ್ಳಿ ಹಬ್ಬಿಸಿದ ತಂತಿಗಳು ಕತ್ತಲಲ್ಲಿ ಕಾಣುವುದಿಲ್ಲ, ಸೊಂಟಕ್ಕೂ ಕುತ್ತಿಗೆಗೂ ತಾಗುವ ಎತ್ತರದಲ್ಲಿ ಇರುತ್ತವೆ. ಟಾರ್ಚ್ ಹಿಡಿದು ದಾರಿಯಲ್ಲೇ ನಡೆಯಿರಿ. ಕುಡಿದ ಮೇಲೆ ಈಜುಕೊಳಕ್ಕೆ ಇಳಿಯಲೇಬೇಡಿ. ಮಲಗುವ ಮುಂಚೆ ಮತ್ತೊಂದು ದೊಡ್ಡ ಲೋಟ ನೀರು.

## ಹಂತ 10: ಖರೀದಿ ಬೆಳಗ್ಗೆ

ಟೇಸ್ಟಿಂಗ್ ಮುಗಿದ ಕೂಡಲೇ ಆರ್ಡರ್ ಫಾರಂ ಕೈಗೆ ಬರುತ್ತದೆ. "ಬೆಳಗ್ಗೆ ಹೇಳುತ್ತೇವೆ" ಅಂತ ನಗುತ್ತಾ ಹೇಳಿ. ಬೆಳಗ್ಗೆ ತಿಂಡಿ ಆದಮೇಲೆ ನೋಟ್‌ಬುಕ್ ತೆರೆಯಿರಿ. ರಾತ್ರಿ ಆರು ಬಾಟಲಿ ಬೇಕೇ ಬೇಕು ಅನ್ನಿಸಿದ್ದು ಬೆಳಗ್ಗೆ ಎರಡಕ್ಕೆ ಇಳಿದಿರುತ್ತದೆ, ಆ ಎರಡು ಸರಿಯಾದ ಆಯ್ಕೆಯಾಗಿರುತ್ತವೆ.

ಅನುಮಾನ ಇರುವ ಒಂದು ವೈನನ್ನು ಬೆಳಗ್ಗೆ ಮತ್ತೊಮ್ಮೆ ಸವಿಯಲು ಕೇಳಬಹುದು. ನಾಲಿಗೆ ಚುರುಕಾಗಿರುವ ಹೊತ್ತು ಅದು. ವಾಹನ ಓಡಿಸುವವರು ಇದನ್ನು ಬಿಟ್ಟುಬಿಡಿ.

ಕೊಳ್ಳುವ ಮುಂಚೆ ಕೇಳಿ: ಇದನ್ನು ಯಾವಾಗ ಕುಡಿಯಬೇಕು? ಬಹುಪಾಲು ವೈನ್ ಒಂದೆರಡು ವರ್ಷದಲ್ಲೇ ಕುಡಿಯಲು ಮಾಡಿದ್ದು. ಇಟ್ಟಷ್ಟೂ ಚೆನ್ನಾಗುತ್ತದೆ ಅನ್ನುವುದು ಕೆಲವಕ್ಕೆ ಮಾತ್ರ. ನಿಮ್ಮೂರಿನ ಅಂಗಡಿಯಲ್ಲೂ ಸಿಗುವ ವೈನ್ ಆದರೆ ಇಲ್ಲಿಂದ ಹೊರುವುದು ಬೇಡ. ತೋಟದಲ್ಲಿ ಮಾತ್ರ ಸಿಗುವುದನ್ನು ಕೊಳ್ಳಿ.

## ಹಂತ 11: ಹೊರಡುವ ಮುಂಚೆ ಗಂಟೆ ಎಣಿಸಿ

ನಿದ್ದೆ ಮಾಡಿದರೆ ಆಲ್ಕೋಹಾಲ್ ಇಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಇಳಿಯುವುದು ಸಮಯದಿಂದ. ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ವಯಸ್ಕರ ದೇಹ ಸಾಮಾನ್ಯವಾಗಿ ಗಂಟೆಗೆ 7ರಿಂದ 10 ಗ್ರಾಂ ಆಲ್ಕೋಹಾಲ್ ಕರಗಿಸುತ್ತದೆ. 13.5 ಶೇಕಡಾದ ಒಂದು ಇಡೀ ಬಾಟಲಿಯಲ್ಲಿ ಸುಮಾರು 80 ಗ್ರಾಂ ಇರುತ್ತದೆ. ರಾತ್ರಿ ಒಬ್ಬರು ಅಷ್ಟು ಕುಡಿದರೆ ಪೂರ್ತಿ ಇಳಿಯಲು 8ರಿಂದ 11 ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ. ಒಂಬತ್ತಕ್ಕೆ ಶುರು ಮಾಡಿದವರು ಬೆಳಗ್ಗೆ ಏಳಕ್ಕೆ ಸ್ಟಿಯರಿಂಗ್ ಹಿಡಿದರೆ ಇನ್ನೂ ಅಮಲಿನಲ್ಲೇ ಇರಬಹುದು.

ಓಡಿಸುವವರು ಯಾರು ಅನ್ನುವುದನ್ನು ಬುಕಿಂಗ್ ದಿನವೇ ಗೊತ್ತು ಮಾಡಿ. ಅವರು ಟೇಸ್ಟಿಂಗ್‌ನಲ್ಲಿ ಪ್ರತಿಯೊಂದನ್ನೂ ಉಗುಳಲಿ, ಊಟದ ಜೊತೆ ನೀರು ಕುಡಿಯಲಿ. ಕಾನೂನಿನ ಮಿತಿ ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ಸೊನ್ನೆ. ತಲೆ ಭಾರ, ಬಾಯಿ ಒಣಗುವುದು, ಕಣ್ಣು ಉರಿ ಇದ್ದರೆ ಮಧ್ಯಾಹ್ನದವರೆಗೆ ರೂಮ್ ಇಟ್ಟುಕೊಳ್ಳಿ.

## ಹಂತ 12: ಬಾಟಲಿ ಮನೆಗೆ

ಬಿಸಿಲಲ್ಲಿ ನಿಂತ ಕಾರಿನ ಒಳಗೆ 50 ಡಿಗ್ರಿ ದಾಟಬಹುದು. ಕೆಲವು ಗಂಟೆಗಳಲ್ಲಿ ವೈನ್ ಬೆಂದಂತಾಗುತ್ತದೆ, ಕಾರ್ಕ್ ಮೇಲಕ್ಕೆ ಬರುತ್ತದೆ, ಕತ್ತಿನ ಸುತ್ತ ಅಂಟು ಅಂಟು ಕಾಣುತ್ತದೆ. ಹಾಗಾಗಿ ಬಾಟಲಿ ಕೊಳ್ಳುವುದು ಹೊರಡುವ ಕೊನೆ ಘಳಿಗೆಯಲ್ಲಿ. ಥರ್ಮೋಕೋಲ್ ಪೆಟ್ಟಿಗೆ ಕೇಳಿ, ಅದು ಇಲ್ಲದಿದ್ದರೆ ದಪ್ಪ ಬಟ್ಟೆ ಸುತ್ತಿ ಸೀಟಿನ ಕೆಳಗೆ ನೆರಳಲ್ಲಿಡಿ. ದಾರಿಯಲ್ಲಿ ಊಟಕ್ಕೆ ನಿಂತರೆ ಕಾರನ್ನು ಮರದಡಿ ನಿಲ್ಲಿಸಿ.

ವಿಮಾನವಾದರೆ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಚೆಕ್-ಇನ್ ಬ್ಯಾಗಿನಲ್ಲಿ 24 ಶೇಕಡಾಕ್ಕಿಂತ ಹೆಚ್ಚು ಆಲ್ಕೋಹಾಲ್ ಇಲ್ಲದ ಪಾನೀಯಕ್ಕೆ ವಿಮಾನ ಸುರಕ್ಷತೆಯ ನಿಯಮ ಮಿತಿ ಹಾಕಿಲ್ಲ, ಸಾಮಾನ್ಯ ವೈನ್ ಅದರೊಳಗೇ ಬರುತ್ತದೆ. ಆದರೆ ಬ್ಯಾಗಿನ ತೂಕ, ಇಳಿಯುವ ದೇಶದ ಸುಂಕದ ಮಿತಿ ಬೇರೆ ಇವೆ. ರಾಜ್ಯ ರಾಜ್ಯದ ನಡುವೆಯೂ ಮದ್ಯ ಸಾಗಿಸಲು ಮಿತಿ ಇರುವ ದೇಶಗಳಿವೆ. ಬಿಲ್ ಕೈಯಲ್ಲೇ ಇರಲಿ. ಪ್ರತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಆಮೇಲೆ ಬಟ್ಟೆ ಸುತ್ತಿ, ಸೂಟ್‌ಕೇಸಿನ ನಡುವೆ ಇಡಿ.

ಮನೆಗೆ ಬಂದ ಮೇಲೆ ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿಡಿ. ತಿರುಪು ಮುಚ್ಚಳದ್ದು ಹೇಗಿಟ್ಟರೂ ಸರಿ. ಬೆಳಕು ಬೀಳದ, 10ರಿಂದ 15 ಡಿಗ್ರಿ ಇರುವ ಜಾಗ ಒಳ್ಳೆಯದು. ಅಂಥದ್ದು ಇಲ್ಲದವರು ಒಲೆಯಿಂದ ದೂರ, ಫ್ರಿಜ್ ಮೇಲೆ ಮಾತ್ರ ಬೇಡ, ಮನೆಯ ಅತಿ ತಂಪಿನ ಮೂಲೆಯಲ್ಲಿಟ್ಟು ಕೆಲವು ತಿಂಗಳಲ್ಲೇ ಕುಡಿದುಬಿಡಿ. ತೆರೆಯುವ ದಿನ ತೋಟದಲ್ಲಿ ಬರೆದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಮೊದಲು ಹೊಸದಾಗಿ ಎರಡು ಸಾಲು ಬರೆಯಿರಿ. ಆಮೇಲೆ ಎರಡನ್ನೂ ಹೋಲಿಸಿ ನೋಡಿ.